ಗುರುತು ನೋಡಿ ಮನುಷ್ಯನನ್ನು ತೀರ್ಮಾನಿಸಬಹುದೋ?

ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನು ಅದು ಹುಟ್ಟಿದ ದಿವಸವನ್ನು ವಿಚಾರಿಸುವದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಎಂದು ಎಣಿಸಿ ವಯಸ್ಸನ್ನು ಹೇಳುತ್ತಾನೆ. ಅವನ ಮಾತು ಬಹಳ ತಪ್ಪುವದೂ ಇಲ್ಲ. ಹೆದ್ದಾರಿಯ ಸುತ್ತನ್ನು ಬಿಟ್ಟು ಗದ್ದೆಯ ಬದುವಿನ ಮೇಲೆ ನಡೆಯುವವನ ಹಾಗೆ ನಮ್ಮ ಮನಸ್ಸು ಸಹ ಒಂದು ಗುರುತನ್ನು ಹಿಡಿದು ಬೇಗ ತೀರ್ಮಾನಕ್ಕೆ ಬರುತ್ತದೆ. ಇದನ್ನು ಮನಸ್ಸಿನ ಕಾಲುದಾರಿ ಅನ್ನೋಣ. ಇದು ಪಾಪವೆಂದು ನಾವು ಹೇಳುವದಿಲ್ಲ. ಪ್ರತಿಯೊಂದನ್ನೂ ಬುಡದಿಂದ ಶೋಧಿಸುತ್ತಾ ಕೂತರೆ ಬಿತ್ತನೆಯ ಹದವೇ ತಪ್ಪಿಹೋಗುವದು. ಸಂಜೆಯ ಆಕಾಶದ ಕೆಂಪನ್ನು ನೋಡಿ ಮಾರನೆಯ ದಿನದ ಹವೆಯನ್ನು ಹೇಳುವ ಜಾಣತನವು ಫರಿಸಾಯರಿಗೆ ಉಂಟೆಂದು ನಮ್ಮ ಕರ್ತನು ತಾನೇ ಒಪ್ಪಿಕೊಂಡನು. ಆತನು ಅವರನ್ನು ಗದರಿಸಿದ್ದು ಆ ಜಾಣತನಕ್ಕಾಗಿ ಅಲ್ಲ.

ಆದರೆ ಎತ್ತನ್ನು ನೋಡುವ ಇದೇ ಕಣ್ಣಿನಿಂದ ಮನುಷ್ಯನನ್ನು ನೋಡಬಹುದೋ ಎಂಬದೇ ನಮ್ಮ ಪ್ರಶ್ನೆ.

ಯೆರೂಸಲೇಮಿನ ಇಬ್ರಿಯ ವಿಶ್ವವಿದ್ಯಾಲಯದಲ್ಲಿ ಉಪಾಧ್ಯಾಯರಾಗಿದ್ದ ಡೇನಿಯಲ್ ಕಾನೆಮನ್, ಆಮೊಸ್ ಟ್ವೆರ್ಸ್ಕಿ ಎಂಬಿಬ್ಬರು ವಿದ್ವಾಂಸರು ಈ ಕಾಲುದಾರಿಗಳ ವಿಷಯವಾಗಿ 1974ರಲ್ಲಿ ಒಂದು ಪ್ರಸಿದ್ಧವಾದ ಲೇಖನವನ್ನು ಪ್ರಕಟಿಸಿದರು. ಅವರು ಮಾಡಿದ ಒಂದು ಪರೀಕ್ಷೆಯು ವಿನೋದವಾದದ್ದು. ಅಂಕೆಗಳುಳ್ಳ ಒಂದು ಚಕ್ರವನ್ನು ಜನರ ಮುಂದೆ ತಿರುಗಿಸಿದರು. ಅದು ಕೆಲವರಿಗೆ 10ರಲ್ಲಿಯೂ ಕೆಲವರಿಗೆ 65ರಲ್ಲಿಯೂ ನಿಂತಿತು. ಆ ಮೇಲೆ, ವಿಶ್ವಸಂಸ್ಥೆಯ ರಾಷ್ಟ್ರಗಳೊಳಗೆ ನೂರಕ್ಕೆ ಎಷ್ಟು ಆಫ್ರಿಕ ಖಂಡದವು ಎಂದು ಕೇಳಿದರು. 10ನ್ನು ಕಂಡವರ ಉತ್ತರಗಳೊಳಗೆ ನಡುವಿನದು 25. 65ನ್ನು ಕಂಡವರದು 45. ಚಕ್ರಕ್ಕೂ ಆಫ್ರಿಕಕ್ಕೂ ಏನು ಸಂಬಂಧ? ಆದಾಗ್ಯೂ ಮೊದಲು ಕಿವಿಗೆ ಬಿದ್ದ ಅಂಕೆಯು ಮನಸ್ಸನ್ನು ಗೂಟಕ್ಕೆ ಕಟ್ಟಿದ ಕರುವಿನಂತೆ ಹಿಡಿದುಕೊಂಡಿತು. (ಸಂತೆಯಲ್ಲಿ ವ್ಯಾಪಾರಿಯು ಮೊದಲು ದೊಡ್ಡ ಬೆಲೆ ಹೇಳುವ ಗುಟ್ಟು ಇದೇ, ಅವನು ಈ ಲೇಖನವನ್ನು ಓದಿದವನಲ್ಲ.) ಬೇಗ ನೆನಪಿಗೆ ಬರುವಂಥದು ಹೆಚ್ಚಾಗಿ ನಡೆಯುತ್ತದೆಂದು ಎಣಿಸುವದೂ, ಒಂದು ಮತ್ತೊಂದನ್ನು ಹೋಲಿದರೆ ಅದು ಅದೇ ಎಂದು ನಂಬುವದೂ ಅವರು ತೋರಿಸಿದ ಬೇರೆ ಕಾಲುದಾರಿಗಳು. ಇವೆರಡು ಕೂಡಿದರೆ ಏನಾಗುವದೆಂದು ನಮ್ಮ ಕರ್ನಾಟಕವೇ ಕಂಡಿದೆ.

2018ನೆಯ ಇಸವಿಯಲ್ಲಿ ಮಕ್ಕಳನ್ನು ಕದ್ದೊಯ್ಯುವವರು ಊರೂರಿಗೆ ಬಂದಿದ್ದಾರೆಂಬ ಸುಳ್ಳು ಸುದ್ದಿಯು ವಾಟ್ಸಾಪಿನ ಮೂಲಕ ದೇಶದ ಅನೇಕ ಪ್ರಾಂತಗಳಲ್ಲಿ ಹಬ್ಬಿತು. ಅದೇ ವರುಷದ ಜುಲೈ 13ರಲ್ಲಿ ಹೈದರಾಬಾದಿನ ಕಡೆಯಿಂದ ಬೀದರ ಜಿಲ್ಲೆಗೆ ಬಂದ ಕೆಲವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟುಗಳನ್ನು ಕೊಟ್ಟರು. ಕಂಡವರಿಗೆ ಸಂಶಯ ಹುಟ್ಟಿತು. ಆ ಸಂಶಯವು ಫೋನಿನಲ್ಲಿ ಅವರ ಕಾರಿಗಿಂತ ಮುಂದಾಗಿ ಓಡಿತು. ಮುರ್ಕಿ ಗ್ರಾಮದಲ್ಲಿ ಜನರು ದಾರಿಗೆ ಅಡ್ಡಕಟ್ಟಿ ಅವರನ್ನು ಹೊಡೆದರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಇಂಜಿನಿಯರನಾಗಿದ್ದ ಒಬ್ಬ ಯೌವನಸ್ಥನು ಸತ್ತನು.

ಹೊಡೆದವರೆಲ್ಲರೂ ಹುಟ್ಟಾ ಕೊಲೆಗಾರರೆಂದು ಹೇಳಿ ನಾವು ಕೈತೊಳೆದುಕೊಳ್ಳಲಾಗದು. ಅವರಲ್ಲಿ ಅನೇಕರು ತಮ್ಮ ಮಕ್ಕಳಿಗಾಗಿ ಹೆದರಿದ ತಂದೆಗಳಾಗಿರಬಹುದು. ಪರಸ್ಥಳದವರು, ಕಾರು, ಮಕ್ಕಳ ಕೈಗೆ ಸಿಹಿ, ಇವೆಲ್ಲವು ಕೇಳಿದ ಕಥೆಗೆ ಸರಿಯಾಗಿ ಹೋಲಿದವು. ಮಕ್ಕಳ ಕಳ್ಳನು ಹೀಗೆ ಕಾಣಿಸುತ್ತಾನೋ ಎಂದು ಅವರು ನೋಡಿದರೇ ಹೊರತು, ಹೀಗೆ ಕಾಣಿಸುವವರಲ್ಲಿ ಎಷ್ಟು ಜನರು ಕಳ್ಳರು ಎಂದು ಕೇಳಿಕೊಳ್ಳಲಿಲ್ಲ. ಪಟ್ಟಣದಿಂದ ಬರುವ ಸೋದರಮಾವನೂ ಮಕ್ಕಳಿಗೆ ಪೆಪ್ಪರಮೆಂಟು ಕೊಡುತ್ತಾನೆ. ಕ್ರಿಸ್ಮಸ್ಸಿನಲ್ಲಿ ನಾವೂ ಹಂಚುತ್ತೇವೆ. ಸಿಹಿ ಕೊಡುವವರು ಸಾವಿರಾರು, ಕದಿಯುವವನು ಎಲ್ಲಿಯೋ ಒಬ್ಬನು. ಇಷ್ಟು ಲೆಕ್ಕಕ್ಕೆ ಶಾಲೆಯ ವಿದ್ಯೆ ಬೇಕಾಗಿರಲಿಲ್ಲ, ಒಂದು ಗಳಿಗೆಯ ತಾಳ್ಮೆ ಬೇಕಾಗಿತ್ತು. ಒಂದು ಸುದ್ದಿಯನ್ನು ಒಂದೇ ಸಲಕ್ಕೆ 5ಕ್ಕಿಂತ ಹೆಚ್ಚು ಕಡೆಗೆ ದಾಟಿಸಲಾಗದಂತೆ ವಾಟ್ಸಾಪಿನವರು ಅದೇ ತಿಂಗಳಲ್ಲಿ ನಮ್ಮ ದೇಶಕ್ಕೆ ಮಿತಿಯನ್ನು ಪ್ರಕಟಿಸಿದರು. ಒಳ್ಳೇದೇ; ಆದರೆ ನಂಬುವ ಮನಸ್ಸಿಗೆ ಯಾವ ಕಂಪೆನಿಯು ಮಿತಿಯನ್ನು ಹಾಕೀತು?

ಹಾಗಾದರೆ ಹಲ್ಲಿನ ಗುರುತು ಯಾಕೆ ನಿಜವಾಗುತ್ತದೆ, ಚಾಕಲೇಟಿನ ಗುರುತು ಯಾಕೆ ಕೊಲೆಗೆ ನಡಿಸುತ್ತದೆ? ಮೊದಲು ಹೇಳಿದ ಕಾನೆಮನ್ನರು, ಅನುಭವಸ್ಥರ ಒಳಬುದ್ಧಿಯನ್ನು ಹೊಗಳುತ್ತಿದ್ದ ಗ್ಯಾರಿ ಕ್ಲೈನ್ ಎಂಬವರೊಂದಿಗೆ 2009ರಲ್ಲಿ ಕೂಡಿ ಬರೆದರು. ಎದುರಾಳಿಗಳಾಗಿದ್ದ ಇವರು ಒಪ್ಪಿಕೊಂಡದ್ದೇನಂದರೆ, ಗುರುತಿಗೂ ಸಂಗತಿಗೂ ಸ್ಥಿರವಾದ ಸಂಬಂಧವಿದ್ದು, ತನ್ನ ತಪ್ಪನ್ನು ಕಂಡು ಕಲಿಯಲು ಮನುಷ್ಯನಿಗೆ ಅವಕಾಶವಿದ್ದಲ್ಲಿ ಮಾತ್ರ ಅಂಥ ಬುದ್ಧಿಯನ್ನು ನಂಬಬಹುದು. ಇದನ್ನು ನಾವು ಚೆನ್ನಾಗಿ ವಿಚಾರಿಸಬೇಕು. ಎತ್ತಿನ ವಯಸ್ಸಿನಲ್ಲಿ ಮೋಸಹೋದವನಿಗೆ ಉಳುವಾಗ ತಪ್ಪು ತಿಳಿಯುವದು, ನಷ್ಟವೂ ಅವನದೇ. ಆದರೆ ಆ ಮನೆಯವರೆಲ್ಲಾ ಕುಡುಕರು, ಆ ಕೇರಿಯವರ ಕೈ ಶುದ್ಧವಿಲ್ಲ ಎಂಬ ನಮ್ಮ ಮಾತಿನಲ್ಲಿ ನಷ್ಟವು ಮತ್ತೊಬ್ಬನದು. ಕಾಣಿಕೆಯ ಲೆಕ್ಕದಲ್ಲಿ ಹಣ ಕಡಿಮೆ ಬಂದರೆ ಎಲ್ಲರ ಕಣ್ಣು ಕುಡುಕನ ಮಗನ ಮೇಲೆ ಬೀಳುತ್ತದೆ. ಅವನು ನಾಚಿ ಸಭೆಯನ್ನು ಬಿಟ್ಟರೆ, ನಾವು ಎಣಿಸಿದ್ದು ಸರಿಯಾಯಿತೆಂದು ಹೇಳಿಕೊಳ್ಳುತ್ತೇವೆ. ನಮ್ಮ ತಪ್ಪು ನಮಗೆ ಸಾಕ್ಷಿಯಾಗಿ ಬರುತ್ತದೆ! ಇಂಥದನ್ನು ಹಿರಿಯರ ಅನುಭವವೆಂದು ಕರೆಯಲು ನಮಗೆ ಮನಸ್ಸಾಗುವದಿಲ್ಲ.

ಹಾಗಾದರೆ ಬಂದವರನ್ನೆಲ್ಲಾ ನಂಬಬೇಕೋ ಎಂದು ಕೆಲವರು ಕೇಳುವರು. ಹಾಗಲ್ಲ. ಗಿಬ್ಯೋನ್ಯರು ಬೂಸಲು ಹಿಡಿದ ರೊಟ್ಟಿಯನ್ನೂ ಹರಿದ ಬುದ್ದಲಿಗಳನ್ನೂ ಸವೆದ ಕೆರಗಳನ್ನೂ ತೋರಿಸಿದಾಗ ಇಸ್ರಾಯೇಲ್ಯರ ಪ್ರಧಾನರು, ಇವರು ದೂರದೇಶದವರೇ ಎಂದು ನಂಬಿ ಒಡಂಬಡಿಕೆ ಮಾಡಿದರು. ಮೂರು ದಿವಸಗಳಾದ ಮೇಲೆ ಅವರು ನೆರೆಯವರೆಂದು ಗೊತ್ತಾಯಿತು. ಅಲ್ಲಿ ಸಂಶಯದಿಂದಲ್ಲ, ನಂಬಿಕೆಯಿಂದಲೇ ಮೋಸಹೋದರು. ಆದರೆ ಹಿಡಿದ ಕಾಲುದಾರಿಯು ಒಂದೇ. ಗುರುತನ್ನು ಬಾಯಿಗಿಟ್ಟು ರುಚಿ ನೋಡಿದರು, ಕರ್ತನನ್ನು ಮಾತ್ರ ಕೇಳಲಿಲ್ಲ.

ವಿಚಾರಿಸುವಷ್ಟು ಹೊತ್ತು ಎಲ್ಲಿದೆ ಎಂಬದು ಮತ್ತೊಂದು ಆಕ್ಷೇಪ. ಮನೆಗೆ ಬೆಂಕಿ ಬಿದ್ದಾಗ, ಹಾವು ಕಚ್ಚಿದಾಗ, ಹೊತ್ತಿಲ್ಲವೆಂಬದು ನಿಜ. ಅಂಥ ಸಮಯದಲ್ಲಿ ಕಂಡ ಗುರುತಿನಂತೆಯೇ ಓಡಬೇಕು. ಆದರೆ ಒಬ್ಬನ ಮಾನವನ್ನು ಕಳೆಯುವ ಮಾತಿಗೆ ಅಂಥ ಅವಸರವೇನೂ ನಮಗೆ ತೋಚುವದಿಲ್ಲ. ಸಮುವೇಲನು ಬೇತ್ಲೆಹೇಮಿಗೆ ಬಂದಾಗ, ಇಷಯನ ಹಿರಿಯ ಮಗನ ರೂಪವನ್ನೂ ಎತ್ತರವನ್ನೂ ನೋಡಿ, ಅಭಿಷೇಕಕ್ಕೆ ಇವನೇ ಎಂದು ಪ್ರವಾದಿಯಾದ ಅವನೂ ಎಣಿಸಿದನು. ಕರ್ತನು ಒಪ್ಪಲಿಲ್ಲ. ಏಳು ಮಕ್ಕಳು ಅವನ ಮುಂದೆ ನಡೆದುಹೋದರು. ಆಗ ಅವನು, ನಿನ್ನ ಮಕ್ಕಳು ಇವರೇ ಆಯಿತೋ ಎಂದು ಇಷಯನನ್ನು ವಿಚಾರಿಸಿದನು; ಕಿರಿಯವನೊಬ್ಬನು ಕುರಿಗಳ ಬಳಿಯಲ್ಲಿದ್ದಾನೆಂದು ತಿಳಿಯಿತು. ಯಜ್ಞವು ಸಿದ್ಧವಾಗಿತ್ತು, ಊರ ಹಿರಿಯರು ನೆರೆದಿದ್ದರು. ಅಡವಿಯಿಂದ ಆ ಹುಡುಗನು ಬರುವ ತನಕ ಸಮುವೇಲನು ಅವರಲ್ಲಿ ಒಬ್ಬರನ್ನೂ ಊಟಕ್ಕೆ ಕೂತುಕೊಳ್ಳಗೊಡಲಿಲ್ಲ.