ತುಂಬಿ ನಿಂತ ಹಳದಿ ಪಟ್ಟಿ

"ಮಾವ, ಆ ಹಳದಿ ಪಟ್ಟಿ ನೋಡಿ, ತುಂಬಿ ನಿಂತುಬಿಟ್ಟಿದೆ!"

ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗ ಹೀಗೆ ಕೂಗಿದಾಗ ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ತುಂಬಿರುವುದು ಒಳ್ಳೆಯದೇ ತಾನೆ? ಕಷ್ಟಕ್ಕೆ ಇರಲಿ ಎಂದು ನಾನೇ ಉಳಿಸಿಕೊಂಡಿದ್ದೆ. "ತುಂಬಿದ ಮೇಲೆ ಬರೋದೆಲ್ಲ ದಂಡ, ಮಾವ. ಹೊಡೀರಿ, ಜಾಗ ಮಾಡಿ" ಎಂದ. ಆಟ ಮುಗಿಸಿ ಮಲಗಿದ ಮೇಲೂ ಆ ಮಾತು ಕಿವಿಯಲ್ಲೇ ಇತ್ತು.

ನಾವು ಆಡುತ್ತಿದ್ದದ್ದು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. ಬ್ಲಿಝಾರ್ಡ್ ಕಂಪನಿ 2004ರಲ್ಲಿ ಶುರುಮಾಡಿದ ಈ ಆನ್‌ಲೈನ್ ಆಟಕ್ಕೆ ಮಾಂಕ್ ಎಂಬ ಪಾತ್ರ ಬಂದದ್ದು 2012ರಲ್ಲಿ, ಮಿಸ್ಟ್ಸ್ ಆಫ್ ಪಾಂಡೇರಿಯಾ ಎಂಬ ಹೊಸ ಅಧ್ಯಾಯದ ಜೊತೆಗೆ. ಆಟದೊಳಗಿನ ಪುರಾಣದಲ್ಲಿ ಪಾಂಡರೆನ್ ಎಂಬ ಕರಡಿಮೈಯ ಜನ ಮೋಗು ಎಂಬ ಒಡೆಯರ ಗುಲಾಮರಾಗಿರುತ್ತಾರೆ. ಆಯುಧ ಮುಟ್ಟುವ ಹಾಗಿಲ್ಲ. ಆಗ ಕ್ಯಾಂಗ್ ಎಂಬುವನು ಬರಿಗೈಯಲ್ಲಿ ಹೋರಾಡುವುದನ್ನು ಅವರಿಗೆ ಕಲಿಸುತ್ತಾನೆ. ಮಾಂಕ್‌ಗಳ ವಿದ್ಯೆ ಹುಟ್ಟಿದ್ದು ಹಾಗೆ. ಮೈಯ ಕಸುವೊಂದನ್ನು ಬಿಟ್ಟು ಬೇರೇನೂ ಇಲ್ಲದವರು ಕಟ್ಟಿಕೊಂಡ ವಿದ್ಯೆ ಅದು. ಅಂಥವರಿಗೆ ಕಸುವನ್ನು ಪೋಲು ಮಾಡುವುದು ಹೇಗೆ ಸಾಧ್ಯ?

ಮಾಂಕ್‌ಗೆ ಮೂರು ದಾರಿಗಳಿವೆ. ಬ್ರೂಮಾಸ್ಟರ್ ಏಟು ತಾಳಿಕೊಳ್ಳುತ್ತಾನೆ, ಮಿಸ್ಟ್‌ವೀವರ್ ಗಾಯ ಮಾಯಿಸುತ್ತಾನೆ, ವಿಂಡ್‌ವಾಕರ್ ಏಟು ಕೊಡುತ್ತಾನೆ. ನನ್ನದು ವಿಂಡ್‌ವಾಕರ್. ಅವನಿಗೆ ಎರಡು ಬಗೆಯ ಶಕ್ತಿ. ಒಂದು ಎನರ್ಜಿ, ಆ ಹಳದಿ ಪಟ್ಟಿ. ಸೆಕೆಂಡಿಗೆ ಸುಮಾರು 10ರಂತೆ ತಾನಾಗಿ ತುಂಬಿ 100ಕ್ಕೆ ನಿಲ್ಲುತ್ತದೆ. ಇನ್ನೊಂದು ಚಿ. ಅದು ತಾನಾಗಿ ಬರುವುದಿಲ್ಲ, ಗಳಿಸಬೇಕು. ನಾನು ಆಟ ಕಲಿತದ್ದು 2016ರಲ್ಲಿ ಬಂದ ಲೀಜನ್ ಎಂಬ ಅಧ್ಯಾಯದ ಕಾಲದಲ್ಲಿ. ಆಗಿನ ಲೆಕ್ಕದಲ್ಲಿ 50 ಎನರ್ಜಿ ಕೊಟ್ಟು ಟೈಗರ್ ಪಾಮ್ ಹೊಡೆದರೆ 2 ಚಿ ಕೈಗೆ ಬರುತ್ತಿತ್ತು. ಬ್ಲ್ಯಾಕೌಟ್ ಕಿಕ್‌ಗೆ 1 ಚಿ, ರೈಸಿಂಗ್ ಸನ್ ಕಿಕ್‌ಗೆ 2, ಫಿಸ್ಟ್ಸ್ ಆಫ್ ಫ್ಯೂರಿಗೆ 3 ಖರ್ಚು. ಚಿಯೂ 5ರ ಮೇಲೆ ಹಿಡಿಯದು. ಹೋರಾಟ ನಿಲ್ಲಿಸಿ ಸುಮ್ಮನೆ ನಿಂತರೆ ಒಂದೊಂದಾಗಿ ಆರಿಹೋಗುತ್ತದೆ.

ಹಾಗಿದ್ದರೆ ಮೊದಲು ಎರಡು ಸಲ ಟೈಗರ್ ಪಾಮ್ ಹೊಡೆದು ಚಿ ಕೂಡಿಟ್ಟುಕೊಂಡು, ಆಮೇಲೆ ನಿಧಾನವಾಗಿ ಖರ್ಚು ಮಾಡೋಣ ಎನಿಸುವುದು ಸಹಜ. ನಾನೂ ಹಾಗೇ ಮಾಡುತ್ತಿದ್ದೆ. ಆದರೆ ಕಾಂಬೋ ಸ್ಟ್ರೈಕ್ಸ್ ಎಂಬ ನಿಯಮ ಅದಕ್ಕೆ ಅಡ್ಡ ನಿಲ್ಲುತ್ತದೆ. ಹಿಂದಿನ ಏಟಿಗಿಂತ ಬೇರೆಯದನ್ನು ಹೊಡೆದರೆ ಮಾತ್ರ ಬಲ ಹೆಚ್ಚು. ಅದೇ ಏಟನ್ನು ಮತ್ತೆ ಕೊಟ್ಟರೆ ಆ ಹೆಚ್ಚಿನ ಬಲ ಸಿಗುವುದಿಲ್ಲ. ಹಾಗಾಗಿ ಗಳಿಕೆ, ಖರ್ಚು, ಮತ್ತೆ ಗಳಿಕೆ. ಗಳಿಸುವುದೇ ಒಂದು ಕಾಲ, ಕೊಡುವುದೇ ಇನ್ನೊಂದು ಕಾಲ ಎಂಬ ವಿಂಗಡಣೆ ಅಲ್ಲಿ ನಡೆಯುವುದಿಲ್ಲ.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಫಿಸ್ಟ್ಸ್ ಆಫ್ ಫ್ಯೂರಿ. ನಾಲ್ಕು ಸೆಕೆಂಡು ಒಂದೇ ಸಮ ಮುಷ್ಟಿ ಮಳೆ. ಆ ಹೊತ್ತಿನಲ್ಲಿ ಬೇರೆ ಏಟು ಕೊಡಲು ಹೋದರೆ ಮಳೆ ಅರ್ಧಕ್ಕೇ ನಿಲ್ಲುತ್ತದೆ. ಆದರೆ ಹಳದಿ ಪಟ್ಟಿ ಮಾತ್ರ ತನ್ನ ಪಾಡಿಗೆ 40ರಷ್ಟು ತುಂಬುತ್ತಿರುತ್ತದೆ. ತುಂಬಿದ ಪಟ್ಟಿ ಇಟ್ಟುಕೊಂಡು ಈ ಏಟಿಗೆ ಇಳಿದರೆ ಆ ನಲವತ್ತೂ ನೆಲದ ಪಾಲು. ಬಲ್ಲವನು ಮೊದಲೇ ಎನರ್ಜಿ ಕೊಟ್ಟು, ಜಾಗ ಮಾಡಿಕೊಂಡು, ಆಮೇಲೆ ಇಳಿಯುತ್ತಾನೆ. ಏಟು ಮುಗಿಯುವ ಹೊತ್ತಿಗೆ ಮುಂದಿನ ಹೆಜ್ಜೆಗೆ ಬೇಕಾದಷ್ಟು ಕಸುವು ಕೈಸೇರಿರುತ್ತದೆ.

ಪೂರಾ ಬರಿದಾಗುವುದೂ ಸಲ್ಲದು. ಎನರ್ಜಿಯೂ ಇಲ್ಲದೆ ಚಿಯೂ ಇಲ್ಲದೆ ನಿಂತ ಮಾಂಕ್, ಗೆಳೆಯರು ಕರೆದಾಗ ಕೈ ಕಟ್ಟಿ ನೋಡಬೇಕಾಗುತ್ತದೆ. ಆದರೆ ಬರಿದಾಗುವ ಭಯ ನಮಗೆಲ್ಲ ಹುಟ್ಟಿನಿಂದಲೇ ಇದೆ, ಅದನ್ನು ಯಾರೂ ಕಲಿಸಬೇಕಿಲ್ಲ. ತುಂಬಿದಾಗಲೂ ನಷ್ಟವಿದೆ ಎಂಬುದು ಕಣ್ಣಿಗೆ ಬೀಳುವುದಿಲ್ಲ. ಕೆರೆ ಕಟ್ಟಿದ ಹಿರಿಯರಿಗೆ ಅದು ಗೊತ್ತಿತ್ತು. ಏರಿ ಎಷ್ಟು ಮುಖ್ಯವೋ ತೂಬೂ ಅಷ್ಟೇ ಮುಖ್ಯ. ತೂಬಿನಿಂದ ಬಿಟ್ಟ ನೀರು ಗದ್ದೆಗೆ ಹೋಗುತ್ತದೆ. ಕೋಡಿ ಬಿದ್ದು ಹರಿದ ನೀರು ಆ ಗದ್ದೆಯ ಪಾಲಿಗೆ ಇಲ್ಲದಂತೆಯೇ.

ಅವತ್ತು ರಾತ್ರಿ ನನಗೆ ನೆನಪಾದದ್ದು ನನ್ನ ರಜೆಯ ಲೆಕ್ಕ. ಗಳಿಕೆ ರಜೆಯನ್ನು ವರ್ಷಗಟ್ಟಲೆ ಮುಟ್ಟದೆ ಇಟ್ಟಿದ್ದೆ. ಯಾರಿಗಾದರೂ ಹುಷಾರು ತಪ್ಪಿದರೆ ಬೇಕಾಗುತ್ತದೆ, ಮುಂದೆಂದಾದರೂ ಬೇಕಾಗುತ್ತದೆ ಎಂಬ ಲೆಕ್ಕ. ಆ ಖಾತೆಗೂ ಒಂದು ಮಿತಿ ಇತ್ತು. ನನ್ನ ರಜೆ ಆ ಮಿತಿಯನ್ನು ತಲುಪಿ ಎಷ್ಟೋ ಕಾಲವಾಗಿತ್ತು. ಆಮೇಲೆ ಸೇರಬೇಕಾದ ದಿನಗಳೆಲ್ಲ ಸದ್ದಿಲ್ಲದೆ ರದ್ದಾಗುತ್ತಿದ್ದವು. ಅದೇ ವರ್ಷಗಳಲ್ಲಿ ಅಮ್ಮ ಪ್ರತಿ ಸಲ ಒಂದೇ ಮಾತು ಕೇಳುತ್ತಿದ್ದಳು: "ತವರಿನ ತೇರಿಗೆ ಒಂದ್ಸಲ ಕರ್ಕೊಂಡು ಹೋಗ್ತೀಯೇನಪ್ಪಾ?" "ಮುಂದಿನ ವರ್ಷ ಹೋಗೋಣಮ್ಮ" ಎಂದು ನಾನೂ ಪ್ರತಿ ಸಲ ಒಂದೇ ಉತ್ತರ ಕೊಡುತ್ತಿದ್ದೆ. ಕಷ್ಟಕಾಲಕ್ಕೆಂದು ನಾನು ಕಾದಿಟ್ಟದ್ದು ಯಾರ ಕಷ್ಟಕ್ಕೂ ಒದಗದೆ, ಯಾರ ಸಂತೋಷಕ್ಕೂ ಒದಗದೆ, ತುಂಬಿದ ಪಟ್ಟಿಯ ಮೇಲಿಂದ ಹರಿದುಹೋಗುತ್ತಿತ್ತು.

ಪ್ರೀತಿ, ಬಿಡುವು, ಮೈಯ ಕಸುವು ಇವೆಲ್ಲ ದಿನಾ ಒಂದಿಷ್ಟು ತಾವಾಗಿ ಒಸರುವಂಥವು. ಕೊಟ್ಟರೆ ಕಡಿಮೆಯಾದೀತೆಂದು ಹೆದರುತ್ತೇವೆ. ಕೊಡದಿದ್ದರೆ ಹೊಸದು ಬಂದು ನಿಲ್ಲಲು ಜಾಗವೇ ಇರುವುದಿಲ್ಲ. ನಾಳೆಗೆಂದು ಸ್ವಲ್ಪ ಇರಲಿ, ಉಳಿದದ್ದು ಇವತ್ತಿನದು. ಆಟದ ಅಂಕಿಗಳು ಆಮೇಲೆ ಎಷ್ಟೋ ಸಲ ಬದಲಾದವು, ನನಗೆ ಸಿಕ್ಕ ಈ ತಿಳಿವು ಬದಲಾಗಲಿಲ್ಲ.

ಮರುದಿನವೇ ನಾಲ್ಕು ದಿನದ ರಜೆಗೆ ಅರ್ಜಿ ಬರೆದೆ. ತೇರು ಹೊರಟಾಗ ಅಮ್ಮ ನನ್ನ ಭುಜ ಹಿಡಿದು ಮುಂಗಾಲ ಮೇಲೆ ನಿಂತು, ದವನ ಸಿಕ್ಕಿಸಿದ ಬಾಳೆಹಣ್ಣನ್ನು ತನ್ನ ಶಕ್ತಿಯೆಲ್ಲ ಹಾಕಿ ಕಳಸದ ಕಡೆಗೆ ಎಸೆದಳು. ಬರಿದಾದ ಆ ಕೈಯನ್ನು ಎತ್ತಿ ಮುಗಿದಳು.