ಬೆನ್ನ ಹಿಂದಿನ ದೀಪ

ತಿಳಿಯದೆ ಮಾಡಿದ ತಪ್ಪು ತಪ್ಪೇ? ಈ ಪ್ರಶ್ನೆ ನನಗೆ ಎದುರಾದದ್ದು ಯಾವ ಪುರಾಣ ಪ್ರವಚನದಲ್ಲೂ ಅಲ್ಲ. ಶಿವಮೊಗ್ಗದ ಒಂದು ಗ್ಯಾರೇಜಿನಲ್ಲಿ, ನಮ್ಮ ಹಳೆಯ ಮಾರುತಿ 800ರ ಬೆನ್ನ ಹಿಂದೆ ನಿಂತಾಗ.

ಅದಕ್ಕೆ ನಾಲ್ಕು ದಿನ ಮೊದಲು, ಮುಸ್ಸಂಜೆಯಲ್ಲಿ, ಅಡ್ಡ ಬಂದ ಹಸುವನ್ನು ಕಂಡು ಬ್ರೇಕ್ ಹಾಕಿದ್ದೆ. ಹಿಂದಿನಿಂದ ಸ್ಕೂಟರಿನ ಹುಡುಗನೊಬ್ಬ ಬಂದು ಗುದ್ದಿದ. ಅವನ ಮೊಣಕೈ ತರಚಿತ್ತು, ನನ್ನ ಬಂಪರ್ ಸೀಳಿತ್ತು. "ಆಂಟಿ, ನಿಮ್ಮ ಬ್ರೇಕ್ ಲೈಟ್ ಬರಲೇ ಇಲ್ಲ" ಎಂದ. ನನಗೆ ರೇಗಿತು. ಅವನನ್ನು ಕಾರಿನ ಹಿಂದಕ್ಕೆ ಕರೆದು, "ಕಣ್ಣು ಕಾಣೋಲ್ವಾ? ಎರಡೂ ಕೆಂಪಗೆ ಉರೀತಾ ಇಲ್ವಾ?" ಎಂದು ಬೆರಳು ತೋರಿಸಿದೆ. ಉರಿಯುತ್ತಲೇ ಇದ್ದವು. ಅವನು ನೋಡಿ, ಗಲಿಬಿಲಿಗೊಂಡು ಸುಮ್ಮನಾದ. ಸೇರಿದ್ದ ಜನವೂ ನನ್ನ ಪಕ್ಷವೇ. ಅವನು ಕೊಟ್ಟ 500 ರೂಪಾಯಿಯನ್ನು ಪರ್ಸಿಗೆ ಹಾಕಿಕೊಂಡು ಬಂದೆ.

ಬಂಪರಿಗೆಂದು ಗ್ಯಾರೇಜಿಗೆ ಹೋದಾಗ ಅಲ್ಲಿನ ವಯಸ್ಸಾದ ಎಲೆಕ್ಟ್ರಿಷಿಯನ್, "ಬ್ರೇಕ್ ಒತ್ತಿ ಅಮ್ಮಾ" ಎಂದರು. ಒತ್ತಿದೆ. "ಎರಡೂ ಬರ್ತಾ ಇಲ್ಲ." ನಾನು ಹಳೆಯ ವಾದವನ್ನೇ ಹೂಡಿದೆ. ಅವರು ಬಲ್ಬ್ ಬಿಚ್ಚಿ ಅಂಗೈಯಲ್ಲಿಟ್ಟು ತೋರಿಸಿದರು. ಒಂದೇ ಗಾಜಿನೊಳಗೆ ಎರಡು ತಂತಿ. 5 ವ್ಯಾಟ್‌ನದು ರಾತ್ರಿ ದೀಪ ಹಾಕಿದಾಗ ಉರಿಯುವುದು. 21 ವ್ಯಾಟ್‌ನದು ಬ್ರೇಕ್ ತುಳಿದಾಗ ಮಾತ್ರ. ಎರಡಕ್ಕೂ ಬೇರೆ ಬೇರೆ ವೈರು. ನಾನು ಹುಡುಗನಿಗೆ ತೋರಿಸಿದ್ದು ಮೊದಲನೆಯದನ್ನು.

"ಎರಡೂ ಕಡೆ ಒಟ್ಟಿಗೆ ಹೋಗಿದೆ ಅಂದ್ರೆ ಬಲ್ಬಿನ ಮೇಲೆ ಅನುಮಾನ ಕಡಿಮೆ. ಎರಡಕ್ಕೂ ಸೇರಿದ ದಾರೀಲಿ ನೋಡಬೇಕು" ಎಂದರು. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಕಾರಿನ ಲೋಹಕ್ಕೆ ಕಚ್ಚಿಸಿ, ಮೊನೆಯನ್ನು ಫ್ಯೂಸಿಗೆ ಮುಟ್ಟಿಸಿದರು, ಉರಿಯಿತು. ಪೆಡಲಿನ ಮೇಲ್ಗಡೆಯ ಪುಟ್ಟ ಸ್ವಿಚ್ಚಿಗೆ ಬರುವ ವೈರಿಗೆ ಮುಟ್ಟಿಸಿದರು, ಉರಿಯಿತು. ನನ್ನಿಂದ ಪೆಡಲ್ ತುಳಿಸಿ, ಸ್ವಿಚ್ಚಿನಿಂದ ಹೊರಡುವ ವೈರಿಗೆ ಮುಟ್ಟಿಸಿದರು, ಕತ್ತಲು. ಆ ಎರಡು ವೈರುಗಳನ್ನು ತುಂಡು ತಂತಿಯಿಂದ ಜೋಡಿಸಿದೊಡನೆ ಹಿಂದಿನ ದೀಪಗಳು ಝಗ್ಗೆಂದವು. ಕೆಟ್ಟಿದ್ದು ಸ್ವಿಚ್ಚು. ಅವರು ಊಹೆಯ ಮೇಲೆ ಯಾವುದನ್ನೂ ದೂರಲಿಲ್ಲ. ಕರೆಂಟು ಎಲ್ಲಿಯವರೆಗೆ ಬಂದಿದೆ ಎಂದು ಹೆಜ್ಜೆ ಹೆಜ್ಜೆಗೂ ನೋಡುತ್ತ ಹೋದರು, ಅಷ್ಟೆ.

ಮನೆಯಲ್ಲಿ ನಮ್ಮ ಯಜಮಾನರು ಸಮಾಧಾನ ಹೇಳಿದರು. ಹಿಂದೆ ಬರುವವನು ಅಂತರ ಕಾಯ್ದುಕೊಳ್ಳಬೇಕೆಂದು 1989ರ ರಸ್ತೆ ನಿಯಮಗಳಲ್ಲೂ 2017ರ ನಿಯಮಗಳಲ್ಲೂ ಇದೆಯಂತೆ. "ಅಲ್ಲದೆ ನಿನಗೇನು ಗೊತ್ತಿತ್ತು?" ಎಂದರು. ಎರಡೂ ನಿಜವೇ. ಬ್ರೇಕ್ ದೀಪ ಇರುವುದೇ ಹಿಂದಿನವರಿಗಾಗಿ. ಓಡಿಸುವವಳಿಗೆ ಅದು ಕಾಣುವುದಿಲ್ಲ. ಆದರೆ ನನಗೆ ಕಾಣದ್ದನ್ನು ಕಂಡವನೊಬ್ಬ ಬಾಯಿಬಿಟ್ಟು ಹೇಳಿದ್ದನಲ್ಲ! ಸ್ವಿಚ್ಚು ಕೆಟ್ಟದ್ದು ನನ್ನ ತಪ್ಪಲ್ಲ. ಆ ಹುಡುಗನನ್ನು ಹತ್ತು ಜನರೆದುರು ಸುಳ್ಳನನ್ನಾಗಿ ಮಾಡಿದ್ದು ತಪ್ಪು. ಅಲ್ಲಿಯವರೆಗಿನದು ತಿಳಿಯದೆ ಆದದ್ದು; ಆಮೇಲಿನದು ತಿಳಿಯಲು ಒಪ್ಪದೆ ಆದದ್ದು.

ಯೋಚಿಸಿದರೆ ಮನೆಯೊಳಗೂ ನಾವು ಹೀಗೆಯೇ. "ಅತ್ತೇ, ನೀವು ನನ್ನ ಮಾತು ಕೇಳಿಸಿಕೊಳ್ಳೋದೇ ಇಲ್ಲ" ಎಂದು ಸೊಸೆ ಅಂದರೆ, "ದಿನಾ ಬಿಸಿಬಿಸಿ ಮಾಡಿ ಬಡಿಸೋಲ್ವಾ?" ಎನ್ನುತ್ತೇವೆ. ಬಡಿಸುವುದು ಸುಳ್ಳಲ್ಲ. ಆದರೆ ಅವಳು ಕೇಳಿದ್ದು ಇನ್ನೊಂದು ತಂತಿಯನ್ನು.

ಹುಡುಗನ ಹೆಗಲಲ್ಲಿ ಕೊರಿಯರ್ ಚೀಲವಿದ್ದದ್ದು ನೆನಪಿತ್ತು. ವಿಚಾರಿಸಿಕೊಂಡು ಹೋಗಿ, ಹಣ ಹಿಂದಿರುಗಿಸಿ, ಕ್ಷಮೆ ಕೇಳಿದೆ. "ಪರವಾಗಿಲ್ಲ ಬಿಡಿ" ಎನ್ನುತ್ತಾನೆಂದುಕೊಂಡಿದ್ದೆ. ಅವನು ಹಣ ತೆಗೆದುಕೊಂಡು, "ಅವತ್ತೇ ಹೇಳಿದ್ನಲ್ಲ ಆಂಟಿ" ಎಂದ, ಅಷ್ಟೆ.

ಹೌದು, ಹೇಳಿದ್ದ.

ಈಗ ವಾರಕ್ಕೊಮ್ಮೆ ಸಂಜೆ, ಕಾರಿನ ಬೆನ್ನನ್ನು ಕಾಂಪೌಂಡ್ ಗೋಡೆಗೆ ಮಾಡಿ ನಿಲ್ಲಿಸಿ ಬ್ರೇಕ್ ತುಳಿಯುತ್ತೇನೆ. ಕನ್ನಡಿಯಲ್ಲಿ ಗೋಡೆ ಕೆಂಪಾದರೆ ನೆಮ್ಮದಿ. ಕಾರಿಗೇನೋ ಗೋಡೆ ಸಾಕು. ನನಗೆ ಹಿಂದಿನಿಂದ ಯಾರಾದರೂ ಹೇಳಬೇಕು. ಹೇಳಿದಾಗ ನಾನು ಬೆರಳು ತೋರಿಸದೆ ಇರಬೇಕು.