ಗಜಕರ್ಣ ಮತ್ತು ಪಾಪದ ಲೆಕ್ಕ

ಮುಂಡರಗಿ ತಾಲ್ಲೂಕಿನ ಹಿರೇವಡ್ಡಟ್ಟಿಯಾಗಲಿ, ಕಪ್ಪತಗುಡ್ಡದ ಸೀಮೆಯ ಬೇರಾವ ಊರಾಗಲಿ, ಜ್ವರ ಬಂದವರು ಕಟ್ಟೆಯ ಮೇಲೆ ಕೂತು ಹೇಳಿಕೊಳ್ಳುತ್ತಾರೆ. ತೊಡೆಸಂದಿಯಲ್ಲಿ ಗಜಕರ್ಣ ಎದ್ದವರು ಬಾಯಿ ಬಿಡುವುದಿಲ್ಲ. ಎರಡೂ ರೋಗವೇ. ಒಂದಕ್ಕೆ ಮರುಕ, ಇನ್ನೊಂದಕ್ಕೆ ನಾಚಿಕೆ ಯಾಕೆ?

ಚರ್ಮದ ಬೇನೆಯಲ್ಲಿ ಪಾಪದ ಗುರುತು ಹುಡುಕುವ ರೂಢಿ ಹಳೆಯದು. ಕೃಷ್ಣನ ಮಗ ಸಾಂಬನಿಗೆ ಕುಷ್ಠ ಬಂದದ್ದು ಶಾಪದಿಂದ, ಹೋದದ್ದು ಸೂರ್ಯನ ಆರಾಧನೆಯಿಂದ ಎನ್ನುತ್ತದೆ ಪುರಾಣ. ಮೈಮೇಲಿನ ಕಲೆಗೆ ನಾಗದೋಷ ಕಾರಣವೆನ್ನುವವರು ಇಂದಿಗೂ ಇದ್ದಾರೆ. ಕುಕ್ಕೆ ಸುಬ್ರಹ್ಮಣ್ಯದ ಚಂಪಾಷಷ್ಠಿಯಲ್ಲಿ ಬ್ರಾಹ್ಮಣರು ಉಂಡೆದ್ದ ಎಲೆಗಳ ಮೇಲೆ ಉರುಳುತ್ತಿದ್ದ ಮಡೆಸ್ನಾನದ ಹಿಂದೆಯೂ ಚರ್ಮವ್ಯಾಧಿ ವಾಸಿಯಾಗುತ್ತದೆಂಬ ನಂಬಿಕೆಯಿತ್ತು. ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂದು ಆ ಆಚರಣೆಯನ್ನು ನಿಷೇಧಿಸಿತು. ಮನಸ್ಸಿನೊಳಗಿನ ಪಾಪದ ಲೆಕ್ಕ ಮಾತ್ರ ಉಳಿದಿದೆ.

ಗಜಕರ್ಣ ತರುವ ಶಿಲೀಂಧ್ರ ಆ ಲೆಕ್ಕಕ್ಕೆ ಸಿಗುವುದಿಲ್ಲ. ಅದಕ್ಕೆ ಬೇಕಾದದ್ದು ಚರ್ಮದ ಮೇಲ್ಪದರದ ಕೆರಾಟಿನ್, ಬೆವರಿನ ತೇವ, ಬಿಗಿಬಟ್ಟೆಯೊಳಗಿನ ಕಾವು. ಹಂಚಿಕೊಂಡ ಟವೆಲ್, ಹಾಸಿಗೆ, ಬಾಚಣಿಕೆಗಳ ಮೂಲಕ ಅದು ಮೈಯಿಂದ ಮೈಗೆ ದಾಟುತ್ತದೆ, ದನಕರುಗಳಿಂದಲೂ ಬರುತ್ತದೆ. ಅಪ್ಪನ ಚಾದರ ಹೊದ್ದು ಮಲಗಿದ ಕೂಸಿನ ಕತ್ತಿನಲ್ಲಿ ಉಂಗುರ ಎದ್ದರೆ, ಅದು ಯಾವ ಜನ್ಮದ ತಪ್ಪಿಗೆ ದಂಡ?

ಹನ್ನೆರಡನೆಯ ಶತಮಾನದ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಅಲ್ಲಗಳೆದರು. ಅವರು ತಿರಸ್ಕರಿಸಿದ್ದು ಮನುಷ್ಯನನ್ನು ಮೈಲಿಗೆಯೆಂದು ದೂರ ಇಡುವುದನ್ನು, ಶುಚಿತ್ವವನ್ನಲ್ಲ. ಗಜಕರ್ಣದ ವಿಷಯದಲ್ಲಿ ಈ ವಿವೇಕ ತುರ್ತಾಗಿ ಬೇಕು. ಬೇರೆ ಇಡಬೇಕಾದದ್ದು ಟವೆಲ್, ಹಾಸಿಗೆ, ಬಾಚಣಿಕೆಗಳನ್ನಷ್ಟೇ.

ನಾಚಿಕೆಗೆ ತೆರುವ ಬೆಲೆ ದೊಡ್ಡದು. ಔಷಧಿ ಅಂಗಡಿಯಲ್ಲಿ ಮೆಲ್ಲಗೆ ಕೇಳಿ ತಂದ ಮುಲಾಮಿನಲ್ಲಿ ಎಷ್ಟೋ ಸಲ ಕ್ಲೊಬೆಟಾಸಾಲ್‌ನಂಥ ಸ್ಟಿರಾಯ್ಡ್ ಬೆರೆತಿರುತ್ತದೆ. ತುರಿಕೆ ಬೇಗ ತಗ್ಗುತ್ತದೆ. ಆದರೆ ಚರ್ಮದ ರೋಗನಿರೋಧಕ ಶಕ್ತಿ ಕುಗ್ಗಿ ಶಿಲೀಂಧ್ರ ಮತ್ತಷ್ಟು ಹಬ್ಬುತ್ತದೆ. ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿಗೊಳಿಸಿತು. 2020ರಲ್ಲಿ ಜಪಾನಿನ ಸಂಶೋಧಕರು ಭಾರತ, ನೇಪಾಳ ಮೂಲದ ರೋಗಿಗಳಲ್ಲಿ ಗುರುತಿಸಿದ ಟ್ರೈಕೊಫೈಟನ್ ಇಂಡೊಟಿನಿಯೆ ಎಂಬ ಶಿಲೀಂಧ್ರವಂತೂ ಶಿಲೀಂಧ್ರನಾಶಕ ಟರ್ಬಿನಾಫಿನ್ ಮಾತ್ರೆಗೂ ಹಲವೊಮ್ಮೆ ಜಗ್ಗುವುದಿಲ್ಲ.

ಕರ್ಮವನ್ನು ನಂಬುವವರು ನಂಬಿಕೆ ಬಿಡಬೇಕಿಲ್ಲ. ಹಿಂದಿನ ಜನ್ಮವನ್ನು ಕೆದಕುವ ಬದಲು ಇಂದಿನ ನಡೆಯನ್ನು ನೋಡಿದರೆ ಸಾಕು. ರೋಗವಿದೆಯೆಂದು ಮನೆಯಲ್ಲಿ ಹೇಳುವುದು, ತುರಿಕೆಯಿರುವ ಎಲ್ಲರೂ ಒಟ್ಟಿಗೆ ಚಿಕಿತ್ಸೆ ಪಡೆಯುವುದು, ವೈದ್ಯರು ಹೇಳಿದಷ್ಟು ವಾರ ಔಷಧ ಬಿಡದಿರುವುದು ಆ ನಡೆಯ ಭಾಗ. ಆದರೆ ನೀರನ್ನು ಅಳೆದು ಬಳಸುವ, ಒಂದೇ ಚಾದರವಿರುವ ಮನೆಯ ಮೇಲೆ ಹೊಣೆಯನ್ನೆಲ್ಲ ಹೊರಿಸಿದರೆ ಅದೂ ಹಳೆಯ ಅನ್ಯಾಯವೇ. ಜಾತ್ರೆ, ಪ್ರವಚನಗಳಿಗೆ ಸಾವಿರಾರು ಜನರನ್ನು ಸೇರಿಸುವ ಮಠಗಳು ಗಜಕರ್ಣದ ಮಾತನ್ನು ಬಹಿರಂಗವಾಗಿ ಎತ್ತಿದರೆ, ಮುಂಡರಗಿಯ ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ತಿ ಅವಧಿಯ ಮಾತ್ರೆ ಬೇಕೆಂದು ಕೇಳಲು ಜನರಿಗೂ ಧೈರ್ಯ ಬರುತ್ತದೆ.